ಆಕಾಶದಿಂದ ಜಾಗ ನೋಡಿದ್ದು

ನಲವತ್ತೈದನೆಯ ವಯಸ್ಸಿಗೆ ವಿಮಾನ ಹಾರಿಸಲು ಕಲಿಯುತ್ತೇನೆಂದು ಹೊರಟಾಗ ಬನಶಂಕರಿಯ ನಮ್ಮ ಬೀದಿಯವರು ನಕ್ಕರು. ನಗಲಿ ಎಂದು ಬಿಟ್ಟೆ. ವಿಮಾನ ಇಳಿಯುವ ಮೈದಾನ ಬಿಟ್ಟು ದೂರ, ಪಕ್ಕದಲ್ಲಿ ಯಾರೂ ಇಲ್ಲದೆ, ಒಬ್ಬಳೇ ಹಾರಿ ಬರಬೇಕು. ನನಗೆ ಇದ್ದದ್ದು ಅದೊಂದೇ ಆಸೆ. ಅದಕ್ಕೆ ಅಡ್ಡ ಕೂತಿದ್ದು ಒಂದು ಪಾಠ.

ನನ್ನ ಅಕ್ಕನ ಮಗನ ವಯಸ್ಸಿನ ಮೇಷ್ಟ್ರು, ಊರ ಹೊರಗಿನ ಹೊಲಗಳ ಮೇಲೆ ಹೋಗುವಾಗ ಹೇಳದೆ ಕೇಳದೆ ಎಂಜಿನ್ನಿನ ಶಕ್ತಿ ಇಳಿಸಿಬಿಡುತ್ತಿದ್ದರು. ಇರುವುದೇ ಒಂದು ಎಂಜಿನ್, ಅದೂ ಕೆಟ್ಟಿತು ಎಂದುಕೊಂಡು, ತೇಲುತ್ತ ಬರುವಷ್ಟರಲ್ಲಿ ಇಳಿಯುವ ಜಾಗ ಆರಿಸಬೇಕು. ನೆಲ ಹತ್ತಿರವಾದಾಗ ಅವರೇ ಮತ್ತೆ ಶಕ್ತಿ ಕೊಟ್ಟು ಮೇಲೇರಿಸುತ್ತಿದ್ದರು.

ನಾನು ಮೂರು ಸಲವೂ ಒಳ್ಳೆಯ ಜಾಗವನ್ನೇ ಆರಿಸಿದ್ದೆ. ಮಟ್ಟಸವಾದ ಕೆಂಪು ನೆಲ, ನೇರ ರಸ್ತೆ. ಕೆಳಗಿಳಿದಂತೆ ಸಾಲು ಸಾಲಾಗಿ ನೆಟ್ಟ ಸೈಟಿನ ಕಲ್ಲುಗಳು, ಕರೆಂಟು ಕಂಬಗಳು ಕಾಣುತ್ತಿದ್ದವು. ಮೂರೂ ಹೊಸ ಲೇಔಟುಗಳು! ಮೂರನೆಯ ಸಲ ಮೇಷ್ಟ್ರು ನಿಧಾನವಾಗಿ ಹೇಳಿದರು.

"ಮೇಡಂ, ನೀವು ಇಳಿಯೋಕೆ ಜಾಗ ನೋಡ್ತಿಲ್ಲ. ಮನೆ ಕಟ್ಟೋಕೆ ನೋಡ್ತಿದೀರ."

ಸಿಟ್ಟು ನೆತ್ತಿಗೇರಿತು. ಆದರೆ ಅವರು ಹೇಳಿದ್ದು ನಿಜ. ಹತ್ತು ವರ್ಷ ಪ್ರತಿ ಭಾನುವಾರ ಗಂಡನ ಸ್ಕೂಟರಿನ ಹಿಂದೆ ಕೂತು ಬೇಗೂರು, ಉತ್ತರಹಳ್ಳಿ ಎಂದು ಸೈಟು ನೋಡುತ್ತ ಅಲೆದವಳು ನಾನು. ಮೂಲೆ ಸೈಟೇ, ಪೂರ್ವಕ್ಕೆ ಬಾಗಿಲೇ, ರಸ್ತೆ ಎಷ್ಟು ಅಗಲ ಎಂದು ಲೆಕ್ಕ ಹಾಕುವ ಕಣ್ಣು ಮೂರು ಸಾವಿರ ಅಡಿ ಮೇಲೆ ಹೋದರೂ ಸುಮ್ಮನಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಒಂಟಿ ಹಾರಾಟದ ಮಾತೇ ಬೇಡ ಎಂದರು ಮೇಷ್ಟ್ರು.

ಮರುವಾರ ಶಕ್ತಿ ಇಳಿಸಿದಾಗ ಎಡಗಡೆ ಅಂಥದ್ದೇ ಚೆಂದದ ಲೇಔಟೊಂದು ಕಂಡಿತು. ಕಷ್ಟಪಟ್ಟು ಕಣ್ಣು ಕಿತ್ತುಕೊಂಡೆ. ಬಲಕ್ಕೆ ಕೊಯ್ಲು ಮುಗಿದ ರಾಗಿ ಹೊಲ. ಸೊಟ್ಟ, ಏರು, ಕೊನೆಯಲ್ಲಿ ಬದು. ಯಾರೂ ಕಾಸು ಕೊಟ್ಟು ಕೊಳ್ಳುವಂಥದ್ದಲ್ಲ. ಆದರೆ ಗಾಳಿ ಎದುರಿಗಿತ್ತು, ಕಂಬವಿರಲಿಲ್ಲ, ಜನರೂ ಇರಲಿಲ್ಲ. ಅದಕ್ಕೇ ತಿರುಗಿಸಿದೆ. ಹೊಲದವರೆಗೆ ಮುಟ್ಟುವುದಿಲ್ಲವೇನೋ ಎಂದು ವಿಮಾನದ ಮೂತಿ ಎತ್ತಲು ಕೈ ತವಕಿಸಿತು. ಎತ್ತಿದರೆ ವೇಗ ಸತ್ತು ಬೀಳುತ್ತೇವೆಂದು ಗೊತ್ತಿತ್ತು, ತಡೆದುಕೊಂಡೆ. ಹೊಲ ಸರಿಯಾಗಿ ಮುಂದೆಯೇ ಬಂತು. ಮೇಷ್ಟ್ರು ಶಕ್ತಿ ಕೊಟ್ಟು ಮೇಲೇರಿಸಿದರು.

ಕೆಳಗೆ ಬಂದ ಮೇಲೆ ನನ್ನ ಹಾರಾಟದ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿ, ನಾಳೆ ಒಬ್ಬರೇ ಹೋಗಿ ಎಂದರು. ಖುಷಿಯಾಗಬೇಕಿತ್ತು, ಹೆದರಿಕೆಯಾಯಿತು. ಆ ಬದು ಇನ್ನೂ ಕಣ್ಣ ಮುಂದಿತ್ತು.

"ಅಲ್ಲಿ ನಿಜವಾಗ್ಲೂ ಇಳಿದಿದ್ರೆ ವಿಮಾನ ಉಳೀತಿತ್ತಾ ಸಾರ್?"

"ಇಲ್ಲ ಮೇಡಂ. ನೀವು ಉಳೀತಿದ್ರಿ."

ಇಷ್ಟು ದಿನ ಮಟ್ಟಸ ನೆಲ ಹುಡುಕುತ್ತ ನಾನು ವಿಮಾನವನ್ನೇ ಉಳಿಸಲು ನೋಡುತ್ತಿದ್ದೆ, ನನ್ನನ್ನಲ್ಲ. ಬನಶಂಕರಿಯವರೆಗೂ ಮೆಟ್ರೋದಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಂದೆ.