ಹಿಂದೆ ಕುಳಿತವರನ್ನು ಕೇಳುತ್ತಿದ್ದ ಮೆಕ್ಯಾನಿಕ್

ಗುಂಡ್ಲುಪೇಟೆಯಲ್ಲಿ ನಾವು ಕೊಂಡ ಮೂರೂ ಬೈಕುಗಳನ್ನು ನೋಡಿಕೊಂಡವರು ಒಬ್ಬರೇ ಮೆಕ್ಯಾನಿಕ್. ಮೊದಲನೆಯದು ಕೈ ಜೋಮು ಹಿಡಿಯುವಷ್ಟು ನಡುಗಿದರೂ ದಾರಿಯಲ್ಲಿ ಎಂದೂ ನಿಲ್ಲಲಿಲ್ಲ. ಎರಡನೆಯದು ಹೂವಿನಂತೆ ಓಡುತ್ತಲೇ ಕಂಡಕಂಡಲ್ಲಿ ನಿಂತುಬಿಡುತ್ತಿತ್ತು. ಯಾವ ಗಾಡಿ ಬಂದರೂ ಅವರು ಕೈಯ ಎಣ್ಣೆ ಒರೆಸಿಕೊಂಡು, ತಲೆ ಸ್ವಲ್ಪ ವಾಲಿಸಿ, ಹಿಂದೆ ಕುಳಿತು ಬಂದವರನ್ನೇ ಮೊದಲು ಕೇಳುತ್ತಿದ್ದರು.

“ಓಡ್ಸೋರ್ಗೆ ನಡುಕ ಅಭ್ಯಾಸ ಆಗೋಗಿರ್ತದೆ. ನೀವೇಳಿ ಅವ್ವಾ.”

ಮೂರನೆಯ ಬೈಕಿನಲ್ಲಿ ನಮ್ಮ ಯಜಮಾನರು ಪಾಠ ಮಾಡಲು ದಿನವೂ ನಮ್ಮ ತಾಲ್ಲೂಕಿನದೇ ಆದ ಮದ್ದೂರಿನ ಶಾಲೆಗೆ, ಆನೆ ಓಡಾಡುವ ಕಾಡುದಾರಿ ಹಿಡಿಯುತ್ತಿದ್ದರು. ಒಮ್ಮೆ ಸರ್ವೀಸಿಗೆಂದು ಜೊತೆಗೆ ಹೋದಾಗ ನಾನು, “ದಿಣ್ಣೆ ಹತ್ತುವಾಗ ಎಡಗಾಲಿನ ಕೆಳಗೆ ಮಾತ್ರ ಗುರ್ ಅನ್ನುತ್ತೆ,” ಎಂದೆ.

“ಇವಳಿಗೆ ಭ್ರಮೆ,” ಎಂದು ಯಜಮಾನರು ನಕ್ಕರು.

ಮೆಕ್ಯಾನಿಕ್ ನಗಲಿಲ್ಲ. ಮಂಡಿಯೂರಿ ಟಾರ್ಚು ಬಿಟ್ಟು ನೋಡಿದರು. ಇಂಜಿನ್ನನ್ನು ಹಿಡಿದಿದ್ದ ಬೋಲ್ಟು ಅರ್ಧ ಸೀಳಿಹೋಗಿತ್ತು.

“ಕಾಡೊಳಗೆ ಇದು ಮುರ್ದೋಗಿದ್ರೆ ಆನೆಗೂ ಭ್ರಮೆ ಅಂತ ಏಳ್ತಿದ್ರಾ ಸಾ?”

ಹೊಸ ಬೋಲ್ಟು ಹಾಕಿದ ಮೇಲೆ ಯಜಮಾನರು ಕೀಗೆ ಕೈ ಚಾಚಿದರೆ, ಮೆಕ್ಯಾನಿಕ್ ಅದನ್ನು ನನ್ನ ಅಂಗೈಯಲ್ಲಿಟ್ಟರು.

“ಅವ್ವಾ, ಸಾರು ಓಡಿಸ್ಲಿ, ನೀವು ಹಿಂದೆ ಕುಂತ್ಕಂಡು ಒಂದು ಸುತ್ತು ಓಗ್ಬನ್ನಿ. ನೀವು ಸರಿ ಅಂದ್ರೇನೇ ಸಾರು ನಾಳೆ ಕಾಡಿಗೋಗೋದು.”