ದೂರ ಹೊರಟಿರಾ?

ಅಂಜನಾಪುರದಲ್ಲಿ ದಿಬ್ಬದ ಮೇಲಿನ ಒಂದು ಅಡ್ಡರಸ್ತೆಯ ಕೊನೆಯಲ್ಲಿ ಬೆಳಗ್ಗೆ ಏಳಕ್ಕೆ ನಾವಿಬ್ಬರೇ ಇರುತ್ತಿದ್ದೆವು. ಹೊಂಗೆ ಮರದ ಈ ಪಕ್ಕ ಟ್ಯಾಬ್ ಹಿಡಿದ ನಾನು, ಆ ಪಕ್ಕ ತಳ್ಳುಗಾಡಿಯ ಮೇಲೆ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ ಇಸ್ತ್ರಿಯವನು. ಮನೆಯಿಂದ ಹೊರಟವರನ್ನು ನಿಲ್ಲಿಸಿ, ಎಲ್ಲಿಗೆ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ, ಮೆಟ್ರೋ ನಿಲ್ದಾಣಕ್ಕೆ ಸಣ್ಣ ಬಸ್ಸು ಬಿಟ್ಟರೆ ಹತ್ತುತ್ತೀರಾ ಎಂದು ಕೇಳಿ, ಉತ್ತರವನ್ನು ಟ್ಯಾಬಿನಲ್ಲಿ ತುಂಬಿಸುವುದು ನನ್ನ ಕೆಲಸ. ಬಸ್ಸು ಯಾವ ಬೀದಿಗೆ ಬರಬೇಕು, ಯಾವುದಕ್ಕೆ ಬೇಡ ಎನ್ನುವುದು ಆ ಉತ್ತರಗಳ ಮೇಲೆ ನಿಂತಿತ್ತು.

"ಏನ್ ಮೇಡಂ, ಊರೋರ್ನೆಲ್ಲಾ ಎಲ್ಲಿಗ್ ಹೋಗ್ತೀರಾ ಅಂತ ಕೇಳ್ತೀರಾ, ಮೂರ್ ದಿನದಿಂದ ನೀವ್ ಮಾತ್ರ ಎಲ್ಲಿಗೂ ಹೋಗಿಲ್ಲ" ಎಂದು ಇಸ್ತ್ರಿಯವನು ಕಿಚಾಯಿಸಿದ.

ನಿಜ ಹೇಳಬೇಕೆಂದರೆ ನಾನು ಹಾಗೆ ಕೇಳುತ್ತಲೇ ಇರಲಿಲ್ಲ. ಹೊರಟವರನ್ನು 'ಎಲ್ಲಿಗೆ' ಅನ್ನಬಾರದು, ಹೋದ ಕೆಲಸ ಕೆಡುತ್ತದೆ, 'ದೂರ ಹೊರಟಿರಾ' ಅನ್ನಬೇಕು ಎಂದು ಕಲಿಸಿದವಳು ನಮ್ಮಜ್ಜಿ. ಒಂದು ಸಲ ಅಪ್ಪ ಚಪ್ಪಲಿ ಮೆಟ್ಟುವಾಗ ನಾನು ಎಲ್ಲಿಗೆ ಅಂದುಬಿಟ್ಟೆನೆಂದು, ಅವರನ್ನು ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕುಡಿಸಿಯೇ ಕಳಿಸಿದ್ದಳು. ಪ್ರಶ್ನೆಯನ್ನು ಇದ್ದ ಹಾಗೇ ಓದಿ ಎಂದು ತರಬೇತಿಯಲ್ಲಿ ಹೇಳಿದ್ದರು. ಐವತ್ತು ವರ್ಷದ ನಾಲಿಗೆ ಕೇಳಬೇಕಲ್ಲ.

ಅದರಲ್ಲೂ ಬೀದಿಯ ಒಳಗಿಂದ ನಡೆದು ಬಂದ ಆ ವಯಸ್ಸಾದ ಗಂಡ ಹೆಂಡತಿಯನ್ನು ಹಾಗೆ ಹೇಗೆ ಕೇಳಲಿ? ಬೆಳಗಿನ ಬಿಸಿಲಿಗೂ ಆತ ಸ್ವೆಟರ್ ಹಾಕಿದ್ದ, ಪಾದ ಊದಿತ್ತು, ಒಂದೊಂದು ಕಾಂಪೌಂಡಿಗೂ ಕೈಯೂರಿ ನಡೆಯುತ್ತಿದ್ದ. ಆಕೆಯ ಹೆಗಲಲ್ಲಿ ಬಟ್ಟೆ ಚೀಲ. ಮೊದಲ ದಿನ ನಾನು ಮೆತ್ತಗೆ, "ದೂರ ಹೊರಟ್ರಾ ಅಮ್ಮ?" ಅಂದೆ.

"ಇಲ್ಲೇ ಕಣವ್ವ, ಹೋಗ್ಬತ್ತೀವಿ."

'ನಡೆದು ಹೋಗುವಷ್ಟು ದೂರ' ಎಂಬುದನ್ನು ಒತ್ತಿದೆ. ನಡೆದು ಹೋಗುವವರಿಗೆ ಬಸ್ಸಿನ ಪ್ರಶ್ನೆ ಇರಲಿಲ್ಲ. ಟ್ಯಾಬು ಅದನ್ನು ಹಾರಿಸಿ ಧನ್ಯವಾದ ಹೇಳಿತು.

ಮೂರನೆಯ ದಿನ ಮತ್ತೆ ಬಂದರು. ಆತನಿಗೆ ಏದುಸಿರು, ಹೊಂಗೆ ಮರದ ಬುಡದ ಕಲ್ಲಿನ ಮೇಲೆ ಕೂತ. ಇಸ್ತ್ರಿಯವನು ಸುಮ್ಮನಿರದೆ, "ಅಮ್ಮ, ಇವರು ಸಣ್ ಬಸ್ ಬಿಡಕ್ಕೆ ಬರ್ಕೊಳ್ತಿರೋದು" ಅಂದ. ಆಕೆ ಬಂದು ನನ್ನ ಕೈ ಹಿಡಿದುಕೊಂಡಳು.

"ನಮ್ ಕ್ರಾಸಿಗೂ ಬರೋ ಹಂಗೆ ಬರ್ಕೊಳವ್ವ. ವಾರಕ್ಕೆ ಮೂರ್ ದಿನ ಜಯನಗರಕ್ಕೆ ಹೋಯ್ತೀವಿ, ಡಯಾಲಿಸಿಸ್‌ಗೆ. ಹೋಗೋದು ಹೆಂಗೋ ಆಯ್ತದೆ. ಬರೋವಾಗ ಈ ದಿಬ್ಬ ಹತ್ತಕ್ಕೆ ಇವ್ರ್ ಕೈಲಿ ಆಗಲ್ಲ. ಆಟೋದೋರು ಒಳಗೆ ಬರಲ್ಲ ಅಂತಾರೆ."

"ಜಯನಗರಕ್ಕಾ? ಮೊನ್ನೆ ಇಲ್ಲೇ ಅಂದ್ರಲ್ಲಮ್ಮ?"

"ಹೊರಟೋರು ಇನ್ನೇನಂತಾರೆ? ದೂರ ಅಂದ್ರೆ ದೂರನೇ ಆಯ್ತದೆ."

ಕಲ್ಲಿನ ಮೇಲಿದ್ದ ಗಂಡ ನಕ್ಕ. "ತಿರುಪತಿಗೆ ಹೊರಟಾಗ್ಲೂ ಇಲ್ಲೇ ಅಂದೋಳು ಇವ್ಳು."

ಇಸ್ತ್ರಿಯವನೂ ನಕ್ಕ. ನನಗೆ ನಗು ಬರಲಿಲ್ಲ. ಅಜ್ಜಿ ಪ್ರಶ್ನೆಯನ್ನಷ್ಟೇ ಕಲಿಸಿರಲಿಲ್ಲ, ಉತ್ತರವನ್ನೂ ಕಲಿಸಿದ್ದಳು. 'ಇಲ್ಲೇ' ಅನ್ನುವುದು ಯಾವ ಜಾಗವೂ ಅಲ್ಲ, ಎಷ್ಟು ದೂರವೂ ಅಲ್ಲ ಎಂದು ಗೊತ್ತಿದ್ದವಳೇ, ಮೂರು ದಿನ ಆ ಬೀದಿಯ ಹಳಬರನ್ನೆಲ್ಲ 'ನಡೆದು ಹೋಗುವವರು' ಎಂದು ತುಂಬಿಸಿ ಕಳಿಸಿದ್ದೆ.

ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನು ಮಾಡಿದೆ.

"ಸಬ್ಮಿಟ್ ಆದ್ಮೇಲೆ ಯಾರ್ ಕೈಲೂ ಏನೂ ಆಗಲ್ಲ ಮೇಡಂ. ಇದ್ದಂಗೇ ಓದಿ ಅಂತ ಹೇಳಿದ್ನಲ್ಲ?"

"ಹೊರಟೋರ್ನ ಎಲ್ಲಿಗೆ ಅಂತ ಹೇಗ್ ಕೇಳೋದು ಸಾರ್?"

"ಬಾಯಲ್ಲಿ ಮೇಡಂ."

ಇನ್ನೊಂದು ದಿನ ಕೊಡಿ ಎಂದು ಬೇಡಿಕೊಂಡೆ. ಆ ರಸ್ತೆ ಮುಗೀತು, ನಾಳೆಯಿಂದ ಬನಶಂಕರಿ, ಅಲ್ಲಾದ್ರೂ ಸರಿಯಾಗಿ ಕೇಳಿ ಅಂದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಬರ್ಕೊಂಡ್ಯಾ?" ಅಂದಳು. ಹೂಂ ಅಂದೆ. ಇನ್ನೇನನ್ನಲಿ? ಸಂಜೆ ಕಚೇರಿಗೆ ಎಲ್ಲವನ್ನೂ ವಿವರಿಸಿ ಉದ್ದಕ್ಕೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಸಣ್ಣ ಬಸ್ಸು ಓಡಾಡತೊಡಗಿತು. ಮನಸ್ಸು ತಡೆಯದೆ ಒಂದು ಬೆಳಗ್ಗೆ ನೋಡಲು ಹೋದೆ. ಹೊಂಗೆ ಮರದವರೆಗೆ ಅದು ಬರುತ್ತಿರಲಿಲ್ಲ, ದಿಬ್ಬದ ಕೆಳಗೆ ಮುಖ್ಯರಸ್ತೆಯಲ್ಲೇ ತಿರುಗಿಬಿಡುತ್ತಿತ್ತು. ಅವರಿಬ್ಬರೂ ಅಲ್ಲಿದ್ದರು. ಮನೆಯಿಂದ ತಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆತ ಕೂತಿದ್ದ.

"ಬಂದ್ಯಾ ತಾಯಿ? ನೀನ್ ಬರ್ಕೊಂಡಿದ್ದಕ್ಕೆ ಇಷ್ಟ್ ಹತ್ರಕ್ಕಾದ್ರೂ ಬಂತು ನೋಡು" ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಸೇರಿ ಆತನನ್ನು ಹತ್ತಿಸಿದೆವು. "ಎಲ್ಲಿಗಮ್ಮ?" ಎಂದು ಕಂಡಕ್ಟರ್ ಕೇಳಿದ. "ಮೆಟ್ರೋಗೆ, ಇಬ್ರು" ಅಂದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸ್ಟೂಲು ಇಸ್ತ್ರಿಯವ್ನ ಹತ್ರ ಕೊಟ್ಬಿಡವ್ವ, ನಾವ್ ಬರೋ ಹೊತ್ಗೆ ಕೆಳಕ್ಕೆ ತಂದ್ಕೊಡ್ತಾನೆ" ಎಂದು ಕೂಗಿದಳು.

ಸ್ಟೂಲನ್ನು ಎತ್ತಿಕೊಂಡು ದಿಬ್ಬ ಹತ್ತಿದೆ. ನಡುವೆ ಎರಡು ಸಲ ಅದನ್ನು ಇಳಿಸಿ, ಅದರ ಮೇಲೆ ಕೂತೆ.