ಸೂರಕ್ಕಿಯ ನೆರಳು ಕತ್ತರಿಸಿದವನು

ಕೊಯಮತ್ತೂರು ಬಳಿಯ ಕಿಣತ್ತುಕಡವಿನ ಹೆದ್ದಾರಿ ಪಕ್ಕ ಹಿಂಡಿ-ಬೂಸದ ಅಂಗಡಿ ಇಟ್ಟಿರುವ ಗೋಮತಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಹಾಗೆ ದನಿ ಇಳಿದ ದಿನ ಗಂಡ ತಿರುಮೂರ್ತಿ ಮೆಲ್ಲಗೆ ತೋಟದ ಕಡೆ ಹೊರಟುಬಿಡುತ್ತಾನೆ. ಕಳೆದ ಬೇಸಿಗೆಯಲ್ಲಿ ಮಾತ್ರ ಅವನಿಗೆ ಆ ದಾರಿ ಇರಲಿಲ್ಲ. ಅವಳ ಸಿಟ್ಟಿಗೆ ಕಾರಣನಾದ ಮೋಹನ್ ರಾಜನನ್ನು ಮನೆಗೆ ಕರೆತಂದವನೇ ಅವನು.

ಗೋಮತಿಗೆ ಹಕ್ಕಿಯ ಹುಚ್ಚು ಹತ್ತಿದ್ದು ಕಾಲು ಮುರಿದುಕೊಂಡಾಗ. ಹಿತ್ತಲ ಜಗಲಿಯಲ್ಲಿ ಕಾಲು ಚಾಚಿ ಕೂತ ತಿಂಗಳುಗಳಲ್ಲಿ ಅವಳಿಗೆ ಜೊತೆಯಾದದ್ದು, ಪಾತ್ರೆ ತೊಳೆಯುವ ಕಲ್ಲಿನ ಬಳಿ ನೀರಿಗೆ ಬರುತ್ತಿದ್ದ ಪಿಕಳಾರ ಹಕ್ಕಿಗಳು. ಮಗಳು ಇಂದುಜಾಳ ಹಳೆಯ ಕ್ಯಾಮೆರಾ ಕೈಗೆತ್ತಿಕೊಂಡಳು. ಮೊದಮೊದಲು ಸಿಕ್ಕಿದ್ದೆಲ್ಲ ಬರೀ ಬಾಲ, ಇಲ್ಲವೇ ಖಾಲಿ ಕೊಂಬೆ. ಆಮೇಲೆ ಕಲಿತಳು. ಮಣ್ಣಿನ ತಟ್ಟೆಯಲ್ಲಿ ತುಸುವೇ ನೀರು ಸಾಕು. ಮೇಲೊಂದು ತೂತಿನ ಬಾಟಲಿ ಕಟ್ಟಿದರೆ ತೊಟ್ಟಿಕ್ಕುವ ಸದ್ದಿಗೇ ಹಕ್ಕಿ ಇಳಿಯುತ್ತದೆ. ಪಕ್ಕದಲ್ಲಿ ಒಣರೆಂಬೆ ನೆಟ್ಟರೆ ಮೊದಲು ಅದರ ಮೇಲೆ ಕೂತು ಸುತ್ತ ನೋಡುತ್ತದೆ. ಚಿತ್ರಕ್ಕೆ ಆ ಗಳಿಗೆಯೇ ಬೇಕು. ಅಡುಗೆಮನೆ ಕಿಟಕಿಗೆ ಹಳೇ ಸೀರೆ ಇಳಿಬಿಟ್ಟು, ಸಂದಿಯಿಂದ ಲೆನ್ಸ್ ಚಾಚಿ ಕೂತರೆ ಸಾರು ಸೀದರೂ ಏಳುತ್ತಿರಲಿಲ್ಲ.

ಬೇಸಿಗೆ ಶುರುವಾಗುವ ಪಂಗುನಿ ತಿಂಗಳಲ್ಲಿ ಬಟ್ಟೆ ಒಣಗಿಸುವ ಹಗ್ಗದ ಪಕ್ಕದ ದಾಸವಾಳದಲ್ಲಿ ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿಯೊಂದು ಗೂಡು ತೂಗುಹಾಕಿತು. ಆ ಹಗ್ಗದ ನೀಲಿ ಎಳೆಯನ್ನೂ ಕಿತ್ತು ಗೂಡಿಗೆ ಸುತ್ತಿತ್ತು. ಮರಿಗಳಾದ ಮೇಲೆ ಗೋಮತಿ ಆ ಹಗ್ಗಕ್ಕೆ ಬಟ್ಟೆ ಹಾಕುವುದನ್ನೇ ಬಿಟ್ಟಳು.

ಆಗ ಬಂದವನು ಮೋಹನ್ ರಾಜ್. ತಿರುಮೂರ್ತಿಯ ಚಿಕ್ಕಪ್ಪನ ಮಗ, ಕೊಯಮತ್ತೂರಿನಲ್ಲಿ ಫ್ಲೆಕ್ಸ್ ಅಂಗಡಿ, ಹಕ್ಕಿ ಫೋಟೋ ಸ್ಪರ್ಧೆಗಳಲ್ಲಿ ಹೆಸರು.

“ಗೂಡ್ ತಾವ ಹೋಗ್ಬೇಡ ತಂಬಿ. ಈ ಕಿಟ್ಕೀಲೇ ಕೂತು ಎಷ್ಟು ಬೇಕೋ ಅಷ್ಟು ತಕೊ,” ಎಂದಳು ಗೋಮತಿ.

“ಕವಲೆಪಡ್ಬೇಡಿ ಅಕ್ಕಾ, ಚಿಂತೆ ಬೇಡ. ನಾ ನೋಡ್ದೇ ಇರೋ ಗೂಡಾ!”

ಅಂಗಡಿಗೆ ಹಿಂಡಿ ಲಾರಿ ಬಂದಿತ್ತು. ಗೋಮತಿ ಹೋಗಿ ಇಳಿಸಿಕೊಂಡು ಮಧ್ಯಾಹ್ನ ಬರುವಷ್ಟರಲ್ಲಿ ಮೋಹನ್ ರಾಜ್ ಹೋಗಿಯಾಗಿತ್ತು. ದಾಸವಾಳದ ಬುಡದಲ್ಲಿ ಕತ್ತರಿಸಿದ ಎಲೆ, ರೆಂಬೆಗಳ ರಾಶಿ ಬಾಡಿ ಬಿದ್ದಿತ್ತು. ಮರೆಯೇ ಇಲ್ಲದೆ ಗೂಡು ಉರಿಬಿಸಿಲಿನಲ್ಲಿ ನೇತಾಡುತ್ತಿತ್ತು. ಅದರ ಬಾಯಿ ಹರಿದಿತ್ತು. ಗೋಡೆಯ ಮೇಲೆ ಎರಡು ಕಾಗೆ. ತಾಯಿ ಕೊಕ್ಕಿನಲ್ಲಿ ಜೇಡ ಹಿಡಿದು ಬಂತು, ಗೂಡಿನ ಸುತ್ತ ಹಾರಿತು, ಹಗ್ಗದ ಮೇಲೆ ಕೂತಿತು, ಮತ್ತೆ ಬಂತು. ಆ ಜೇಡವನ್ನು ಅದು ಬಹಳ ಹೊತ್ತು ಬಿಡಲಿಲ್ಲ.

ಗೋಮತಿ ಫೋನಿನಲ್ಲೇ ಫೋಟೋ ತೆಗೆದಳು: ಕತ್ತರಿಸಿದ ತುದಿಗಳು, ಎಲೆಯ ರಾಶಿ, ಹರಿದ ಗೂಡು. ಆಮೇಲೆ ಮೋಹನ್ ರಾಜನಿಗೆ ಫೋನ್ ಮಾಡಿದಳು.

“ವೆಳಿಚ್ಚ, ಬೆಳಕು ಬೇಕಿತ್ತಕ್ಕಾ, ಬರೀ ಕತ್ಲೆ ಅಲ್ಲಿ. ನಾಲ್ಕು ಎಲೆ ತಾನೆ? ಮತ್ತೆ ಚಿಗುರ್ತದೆ.”

“ಎಲೆ ಚಿಗುರ್ತದೆ. ಮರಿ?”

“ಕಾಗೆ ತಿಂದ್ರೆ ನಾನೇನ್ ಮಾಡ್ಲಿ?”

“ಬಿಡು, ಸೊಂದಕಾರ ಅವ್ನು,” ಎಂದ ಪಕ್ಕದಲ್ಲೇ ನಿಂತಿದ್ದ ತಿರುಮೂರ್ತಿ. “ಒಂದು ಕುರುವಿ ಹಕ್ಕಿಗಾಗಿ ನೆಂಟ್ರ ಜೊತೆ ಜಗಳ ಆಡ್ತಾರಾ?”

“ನಿಮ್ ಸೊಂದಕಾರ ನಿಮ್ಮನ್ನ ನಂಬಿ ಬಂದ. ಅದು ನನ್ನ ನಂಬಿ ಬಂದಿತ್ತು,” ಎಂದಳು ಗೋಮತಿ, ಕೇಳಿಸದಷ್ಟು ಮೆಲ್ಲಗೆ.

ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಇಂದುಜಾ ಫೋನಿಗೊಂದು ಚಿತ್ರ ಕಳಿಸಿದಳು. ಕೊಯಮತ್ತೂರಿನ ಪ್ರದರ್ಶನವೊಂದರಲ್ಲಿ ಮೋಹನ್ ರಾಜನಿಗೆ ಮೊದಲ ಬಹುಮಾನ, ಸಮಾರಂಭ ಆ ಸಂಜೆಯೇ. ಚಿತ್ರದ ಹೆಸರು ‘ತಾಯ್ಮೈ’, ತಾಯ್ತನ. ಗೂಡಿನಲ್ಲಿ ಅದೇ ನೀಲಿ ಎಳೆ. ಗೋಮತಿ ಅಂಗಡಿ ಬಾಗಿಲು ಹಾಕಿ ಬಸ್ ಹತ್ತಿದಳು. ತಡೆಯಲೆಂದು ತಿರುಮೂರ್ತಿಯೂ ಹತ್ತಿದ.

ಪ್ರದರ್ಶನ ನಡೆಸುತ್ತಿದ್ದ ಅಯ್ಯಾಸಾಮಿ ಎಂಬ ಹಿರಿಯರಿಗೆ ಅವಳು ಮೊದಲು ತಾನೇ ಹೋಗಿ ಹೇಳಿದಳು. ಅವರು “ಸಮಾರಂಭ ಮುಗಿಯಲಿ ಅಮ್ಮಾ, ಮಾತಾಡೋಣ,” ಎಂದು ಕುರ್ಚಿ ತೋರಿಸಿದರು. ವೇದಿಕೆಯಲ್ಲಿ ಮೋಹನ್ ರಾಜ್, ಹಕ್ಕಿಗೆ ತೊಂದರೆಯಾಗಬಾರದೆಂದು ಉಸಿರು ಬಿಗಿಹಿಡಿದು ಕಾದ ಕಥೆ ಹೇಳತೊಡಗಿದ. ಸಭೆ ಚಪ್ಪಾಳೆ ತಟ್ಟಿತು.

ಗೋಮತಿ ಎದ್ದು ನಿಂತಳು. ಮನೆಯ ಕನ್ನಡ ಬಿಟ್ಟು ತಮಿಳಿನಲ್ಲಿ, ಇಳಿದ ದನಿಯಲ್ಲೇ ಹೇಳಿದಳು: “ಇದು ನನ್ನ ಹಿತ್ತಲು. ಗೂಡಿಗಿದ್ದ ನೆರಳನ್ನು ಇವರು ಕತ್ತರಿಸಿದರು. ನೀವು ಬಹುಮಾನ ಕೊಟ್ಟ ಈ ತಾಯಿಯ ಮರಿಗಳು ಫೋಟೋ ತೆಗೆದ ಮಧ್ಯಾಹ್ನವೇ ಸತ್ತವು.” ಫೋನಿನಲ್ಲಿದ್ದ ಚಿತ್ರಗಳನ್ನು ಮುಂದಿನ ಸಾಲಿಗೆ ಕೊಟ್ಟಳು.

“ಅಮ್ಮಾ, ಇದು ಸಮಾರಂಭ,” ಎಂದರು ಯಾರೋ.

“ಗುಟ್ಟಾಗಿ ಹೇಳಿದೆ. ಕೂತ್ಕೊ ಅಂದ್ರಿ.”

“ಸುಳ್ಳು! ಎಲ್ಲಿಂದಲೋ ಚಿತ್ರ ತಂದಿದ್ದಾರೆ,” ಎಂದ ಮೋಹನ್ ರಾಜ್.

ಆಗ ಹಿಂದಿನ ಸಾಲಿನಿಂದ ತಿರುಮೂರ್ತಿ ಎದ್ದ. ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. “ಇವನು ನನ್ನ ತಮ್ಮ. ಮನೆಗೆ ಕರೆದವನು ನಾನೇ. ಅವಳು ಹೇಳೋದು ನಿಜ,” ಎಂದು ಹೇಳಿ ಕೂತುಬಿಟ್ಟ.

ಬಹುಮಾನ ಹಿಂದಕ್ಕೆ ಪಡೆದರು. ಮುಂದೆ ಗೂಡಿನ ಚಿತ್ರಗಳನ್ನೇ ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ ಎಂದು ಅಯ್ಯಾಸಾಮಿ ಮೈಕಿನಲ್ಲೇ ಹೇಳಿದರು. ಆದರೆ ಮೋಹನ್ ರಾಜ್ ಅದೇ ರಾತ್ರಿ ಆ ಚಿತ್ರವನ್ನು ಜಾಲತಾಣದ ತನ್ನ ಪುಟದಲ್ಲಿ ಹಾಕಿದ, ಮೆಚ್ಚಿದವರಿಗೆ ಲೆಕ್ಕವಿಲ್ಲ. ಚಿಕ್ಕಪ್ಪನ ಮನೆಯ ಮದುವೆಗೆ ಇವರಿಗೆ ಪತ್ರಿಕೆ ಬರಲಿಲ್ಲ. ಮನ್ನಿಸಿಬಿಡು ಎಂದು ಹೇಳಲು ಅತ್ತೆ ಕುಪ್ಪಮ್ಮ ಬಂದರು.

“ತಪ್ಪಾಯ್ತು ಅಂತ ಅವನು ಹೇಳಿದ್ರೆ ತಾನೆ ಅತ್ತೆ ಮನ್ನಿಸೋದು? ನಾನಾಗೇ ಹೋಗಿ ಯಾವುದನ್ನ ಮನ್ನಿಸ್ಲಿ?”

ಹಿತ್ತಲಿಗೆ ಈಗಲೂ ಕ್ಯಾಮೆರಾ ಹಿಡಿದವರು ಬರುತ್ತಾರೆ. ಗೋಮತಿ ಅವರನ್ನು ಅಡುಗೆಮನೆ ಕಿಟಕಿಯ ಬಳಿ ಕೂರಿಸಿ ಕಾಫಿ ಕೊಡುತ್ತಾಳೆ. ಗಿಡಗಳತ್ತ ಯಾರನ್ನೂ ಇಳಿಸುವುದಿಲ್ಲ. ಮೊನ್ನೆ ಒಬ್ಬ, ಇಲ್ಲಿಂದ ಬೆಳಕು ಸಾಲದು ಎಂದು ಗೊಣಗಿದ.

“ಹಾಗಾದ್ರೆ ಬೆಳಕಿರೋ ಊರಿಗೆ ಹೋಗು ತಂಬಿ,” ಎಂದು ಅವನ ಚೀಲವನ್ನು ತಾನೇ ಎತ್ತಿ ಗೇಟಿನ ಹೊರಗಿಟ್ಟಳು.